ಓದದೆ ಬಿಟ್ಟ ಸಾಲುಗಳು

ಜೂನ್ 14

ಸೊಸೆಗೆ,

ನೀನು ಹೋದ ಒಂಬತ್ತನೆಯ ದಿನ ನಿನ್ನ ಮೊದಲ ಕಾಗದ ಬಂತು. ಮೊದಲ ಪುಟವಿಡೀ ಹಾಸ್ಟೆಲಿನ ಕಿಟಕಿಯ ವರ್ಣನೆ. ಕಿಟಕಿ ಎಲ್ಲ ಊರಿನಲ್ಲೂ ಇರುತ್ತದೆ. ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ, ಕೋಣೆಯಲ್ಲಿ ಜೊತೆಗಿರುವವಳು ಎಂಥವಳು, ಊಟ ಹೊಟ್ಟೆಗೆ ಹಿಡಿಸುತ್ತದೆಯೇ, ಇದನ್ನು ಬರೆ.

ಬಟಾಣಿ ಅತ್ತಳೇ ಎಂದು ಮೂರು ಕಡೆ ಕೇಳಿದ್ದೀಯ. ಒಂದು ಕಡೆ ಕೇಳಿದ್ದರೆ ಸಾಕಿತ್ತು. ಅಳಲಿಲ್ಲ. ಸ್ಟೇಷನ್ನಿನಲ್ಲಿ ಪ್ರೆಸ್ಸಿನ ಎಂಟೂ ಜನರ ಎದುರು ನಾನು ಹೇಳಿದ್ದು ನಿನಗೆ ನೆನಪಿರಬೇಕು: “ನೀನು ಓದ್ಕೊಂಡು ಬಾ. ನೀನು ಬರೋ ತನಕ ಮಗು ಕಣ್ಣಲ್ಲಿ ಒಂದು ಹನಿ ನೀರು ಬಂದ್ರೆ ನನ್ನನ್ನ ಕೇಳು.” ಮೂವತ್ತೊಂದು ವರ್ಷದಲ್ಲಿ ಈ ಪ್ರೆಸ್ ಹೇಳಿದ ದಿನಕ್ಕೆ ಕೆಲಸ ಕೊಡದೆ ಇದ್ದದ್ದಿಲ್ಲ. ನನ್ನ ಮಾತೂ ಹಾಗೆಯೇ.

ನೀನು ಹೋಗುವುದು ನನಗೆ ಇಷ್ಟವಿರಲಿಲ್ಲ ಎಂಬುದನ್ನು ನಾನು ಮುಚ್ಚಿಟ್ಟಿಲ್ಲ. ಸಂವಹನ, ಸಮೂಹ ಮಾಧ್ಯಮ ಎಂದು ಏನೇನೋ ಹೆಸರು. ಜನರಿಗೆ ಸುದ್ದಿ ಹೇಳುವುದನ್ನು ಕಲಿಯಲು ಆರು ವರ್ಷದ ಮಗುವನ್ನು ಬಿಟ್ಟು ಒಂಬತ್ತು ತಿಂಗಳು ಕಾಲೇಜಿಗೆ ಹೋಗಬೇಕೇ? ನಮ್ಮ ವಾರಪತ್ರಿಕೆ ಯಾವ ಕಾಲೇಜಿನ ಸಹಾಯವೂ ಇಲ್ಲದೆ ಆರು ವರ್ಷ ನಡೆಯಿತು. ಅದು ನಿಂತು ಎರಡು ವರ್ಷವಾಗಿದೆ, ಮತ್ತೆ ನಡೆಸುವುದಾದರೆ ನಾನು ಕಲಿತು ಬರಬೇಕು ಎಂದು ನೀನು ಹೇಳಿದೆ. ಆ ಮಾತಿಗಾಗಿಯೇ ನಾನು ಒಪ್ಪಿದ್ದು. ಇಲ್ಲದಿದ್ದರೆ ನೀನು ರೈಲು ಹತ್ತುತ್ತಿರಲಿಲ್ಲ.

ಪ್ರೆಸ್ಸಿನ ಫೋನು ಗಿರಾಕಿಗಳಿಗೆ. ಮನೆಯ ಮಾತು ಅದರಲ್ಲಿ ಬೇಡ. ಕೆಲಸದವರು ಅಚ್ಚುಮೊಳೆ ಕೈಯಲ್ಲಿ ಹಿಡಿದುಕೊಂಡು ಕಿವಿ ಇತ್ತ ಕೊಡುತ್ತಾರೆ. ನೀನು ಬರೆ. ಬಟಾಣಿಗೆ ಇನ್ನೂ ಅಕ್ಷರ ಕೂಡಿಸಿ ಓದಲು ಬರುವುದಿಲ್ಲವಾದ್ದರಿಂದ ಭಾನುವಾರ ಬೆಳಿಗ್ಗೆ ನಾನು ಓದಿ ಹೇಳುತ್ತೇನೆ. ಅವಳು ಹೇಳಿದ್ದನ್ನು ನಾನು ಬರೆಯುತ್ತೇನೆ. ಇದು ಅವಳು ಹೇಳಿದ್ದು:

ಅಮ್ಮಾ, ನಾನು ಚೆನ್ನಾಗಿದ್ದೇನೆ. ದಿನಾ ಶಾಲೆಗೆ ಹೋಗುತ್ತೇನೆ. ಹಾಲು ಕುಡಿಯುತ್ತೇನೆ.

ಅಂಚೆಯವನು ಹೊರಡುವ ಹೊತ್ತಾಯಿತು.
ನಿನ್ನ ಅತ್ತೆ


ಜುಲೈ 2

ಅತ್ತೆಗೆ ನಮಸ್ಕಾರ.

ಚಿಲಕವಿದೆ. ಜೊತೆಗಿರುವವಳು ನರ್ಸ್ ಆಗಿದ್ದವಳು, ಆರೋಗ್ಯದ ವಿಷಯ ಬರೆಯುವುದನ್ನು ಕಲಿಯಲು ಬಂದಿದ್ದಾಳೆ. ಊಟಕ್ಕೆ ಉಪ್ಪು ಕಡಿಮೆ. ತರಗತಿಯಲ್ಲಿ ನನಗಿಂತ ದೊಡ್ಡವರು ಇಬ್ಬರೇ, ಉಳಿದವರೆಲ್ಲ ನನ್ನನ್ನು ‘ಅಕ್ಕ’ ಎನ್ನುತ್ತಾರೆ.

ನಮ್ಮ ಮೇಷ್ಟ್ರು ಹಿಂದೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರು. ಹಾಜರಿ ಕರೆದರೂ ಏನೋ ಅನಾಹುತದ ಸುದ್ದಿ ಹೇಳಿದ ಹಾಗಿರುತ್ತದೆ. ಮೊದಲ ಪಾಠದಲ್ಲಿ ಹಲಗೆಯ ಮೇಲೆ ನಾಲ್ಕು ಚೌಕ ಬರೆದರು. ಕಳುಹಿಸುವವರು, ಸಂದೇಶ, ಅದು ಹೋಗುವ ದಾರಿ, ಪಡೆಯುವವರು. ದಾರಿಯ ಮೇಲೆ ಅಂಕುಡೊಂಕು ಗೆರೆ ಎಳೆದು ‘ಗದ್ದಲ’ ಎಂದು ಬರೆದರು. ಸಂದೇಶವನ್ನು ಕೆಡಿಸುವ ಯಾವುದಾದರೂ ಸರಿ, ಅದು ಗದ್ದಲ. ಕೊನೆಗೆ ಪಡೆಯುವವರಿಂದ ಕಳುಹಿಸುವವರ ಕಡೆಗೆ ಒಂದು ಬಾಣ, ಹಿಂದಕ್ಕೆ. ಆ ಬಾಣ ಇಲ್ಲದಿದ್ದರೆ ಅದು ಸಂವಹನವಲ್ಲ, ಬರೀ ಕೂಗು ಎಂದರು.

ನಿಮ್ಮ ನಿಮ್ಮ ಮನೆಯಿಂದ ಒಂದು ಉದಾಹರಣೆ ಹೇಳಿ ಎಂದಾಗ ನಾನು ನಮ್ಮ ಪ್ರೂಫ್ ನೋಡುವ ಕೆಲಸ ಹೇಳಿದೆ. ನೀವು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುವುದು, ಅಚ್ಚುಮೊಳೆ ಜೋಡಿಸುವ ಮೊಳೆಯಜ್ಜ ಎದುರು ಕೂತು ಕರಡಚ್ಚಿನ ಒಂದೊಂದು ಸಾಲಿನ ಕೆಳಗೆ ಹಿತ್ತಾಳೆ ಪಟ್ಟಿ ಇಟ್ಟು ಸರಿಸುತ್ತಾ ಹೋಗುವುದು, ಓದಿದ್ದಕ್ಕೂ ಅಚ್ಚಿಗೂ ವ್ಯತ್ಯಾಸ ಬಂದರೆ ಪಟ್ಟಿ ಅಲ್ಲೇ ನಿಲ್ಲುವುದು. ಮೇಷ್ಟ್ರಿಗೆ ಬಹಳ ಹಿಡಿಸಿತು. “ಎಷ್ಟು ಎಚ್ಚರದ ಜನ ರೀ ನೀವು!” ಎಂದರು. ನನಗೆ ನಿಮ್ಮ ನೆನಪಾಗಿ ಹೆಮ್ಮೆಯಾಯಿತು.

ಇದು ಬಟಾಣಿಗೆ:

ಚಿನ್ನಾ, ಇಲ್ಲಿ ಕಿಟಕಿಯಿಂದ ರೈಲು ಕಾಣುತ್ತದೆ. ಪ್ರತಿ ಸಲ ರೈಲು ಹೋದಾಗ ಇದರಲ್ಲಿ ಕೂತರೆ ನಿನ್ನ ಹತ್ತಿರ ಬಂದುಬಿಡಬಹುದು ಅನ್ನಿಸುತ್ತದೆ. ನಿನ್ನೆ ತರಗತಿಯಲ್ಲೇ ನಿನ್ನ ಕೂದಲಿನ ವಾಸನೆ ನೆನಪಾಗಿ ಕಣ್ಣು ತುಂಬಿತು. ಇಲ್ಲೊಬ್ಬಳು ಹುಡುಗಿ ಪೇಪರಿನ ಟೋಪಿ ಮಾಡಿದಳು. ನಿನ್ನಪ್ಪ ವಾರಕ್ಕೊಂದು ಮಾಡಿ ನಿನ್ನ ತಲೆಗೆ ಇಡುತ್ತಿದ್ದರಲ್ಲ, ಹಾಗೆಯೇ ಇತ್ತು. ಅಜ್ಜಿಯ ಮಾತು ಕೇಳು. ಹಲ್ಲು ಉಜ್ಜು.

ನಿಮ್ಮ ಸೊಸೆ


ಜುಲೈ 20

ಸೊಸೆಗೆ,

ನಿನ್ನ ನಾಲ್ಕು ಚೌಕ ಓದಿದೆ. ಇಷ್ಟನ್ನು ಹೇಳಲು ಸರ್ಕಾರ ಒಬ್ಬನಿಗೆ ಸಂಬಳ ಕೊಡುತ್ತದೆ ಎಂದು ತಿಳಿದು ಆಶ್ಚರ್ಯವಾಯಿತು. ಗದ್ದಲದ ವಿಷಯ ನನಗೆ ಹೊಸದಾಗಿ ಯಾರೂ ಹೇಳಬೇಕಾಗಿಲ್ಲ. ಸಣ್ಣ ಮಶೀನಿನ ಪೆಡಲು ಸಡಿಲವಾಗಿ ಎರಡು ವಾರದಿಂದ ತಲೆಯ ಮೇಲೆ ಕುಟ್ಟಿದ ಹಾಗಿದೆ. ರಿಪೇರಿಯವನು ದಿನಾ “ನಾಳೆ ಬರ್ತೀನಿ” ಅನ್ನುತ್ತಾನೆ.

ಹಿಂದಕ್ಕೆ ಬರುವ ಬಾಣದ ಬಗ್ಗೆ ಮೊಳೆಯಜ್ಜನಿಗೆ ಹೇಳಿದೆ. ಎಪ್ಪತ್ತು ದಾಟಿದರೂ ಆ ಮುದುಕನ ನಾಲಿಗೆಗೆ ವಯಸ್ಸಾಗಿಲ್ಲ. “ಅಮ್ಮಾವ್ರೇ, ನಿಮ್ಮ ಬಾಣ ಹೋಗೋದನ್ನ ನೋಡಿದೀನಿ, ವಾಪಸ್ ಬಂದಿದ್ದನ್ನ ಈ ಜನ್ಮದಲ್ಲಿ ನೋಡಿಲ್ಲ” ಎಂದ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಕೆಲಸ ನಡೆಯಿತು. ಹೇಳುವವಳು ಒಬ್ಬಳಿದ್ದರೆ ಕೆಲಸ ನಡೆಯುತ್ತದೆ, ನಿನ್ನ ಮೇಷ್ಟ್ರಿಗೆ ಇದನ್ನೂ ಹೇಳು.

ಬಟಾಣಿ ಶಾಲೆ ಬಿಟ್ಟ ಮೇಲೆ ಅವನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಅವನು ಅವಳಿಗೆ ಮೊಳೆಯಿಂದಲೇ ಅಕ್ಷರ ಕಲಿಸುತ್ತಿದ್ದಾನೆ. ಮೊಳೆಯ ಮೇಲೆ ಅಕ್ಷರ ತಿರುಗುಮುರುಗು ಇರುತ್ತದಲ್ಲ, ಇವಳು ಹಾಗೆಯೇ ಕಲಿತು ಶಾಲೆಯ ಸ್ಲೇಟಿನ ಮೇಲೆ ಹಾಗೆಯೇ ಬರೆದಳಂತೆ. ಟೀಚರು ಬಂದು ದೂರು ಹೇಳಿದರು. “ನಿಮ್ಮ ಮಗು ಬರೆದದ್ದನ್ನ ಕನ್ನಡಿ ಹಿಡ್ಕೊಂಡು ಓದ್ಬೇಕು” ಅಂದರು. “ಹಿಡ್ಕೊಂಡು ಓದಿ, ನಿಮಗೂ ಅಭ್ಯಾಸ ಆಗತ್ತೆ” ಅಂದೆ.

ನಿನ್ನ ಕಾಗದಕ್ಕೆ ಕಾಯಬಾರದು ಎಂದುಕೊಂಡರೂ ಹನ್ನೊಂದು ಗಂಟೆಗೆ ಕಾಲು ತಾನಾಗಿಯೇ ಗೇಟಿನ ಕಡೆ ಹೋಗುತ್ತದೆ. ಇದನ್ನು ಅಭ್ಯಾಸ ಎಂದು ತಿಳಿ, ಬೇರೆ ಏನೂ ಅಲ್ಲ.

ಬಟಾಣಿ ಹೇಳಿದ್ದು: ಅಮ್ಮಾ, ನಾನು ಚೆನ್ನಾಗಿದ್ದೇನೆ. ರೈಲಿನ ವಿಷಯ ಕೇಳಿ ಸಂತೋಷವಾಯಿತು. ನೀನು ಚೆನ್ನಾಗಿ ಓದು.

ಮಶೀನಿನ ಸದ್ದಿನ ನಡುವೆ,
ನಿನ್ನ ಅತ್ತೆ


ಸೆಪ್ಟೆಂಬರ್ 9

ಅತ್ತೆಗೆ ನಮಸ್ಕಾರ.

ಪರೀಕ್ಷೆ ಮುಗಿಯಿತು. ಪರವಾಗಿಲ್ಲ. ಆದರೆ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಪುಸ್ತಕ ತೆರೆದರೆ ಕಿಟಕಿ, ಕಿಟಕಿಗೆ ಹೋದರೆ ಪುಸ್ತಕ.

ಕಳೆದ ವಾರದ ಪಾಠ ಬಾಗಿಲು ಕಾಯುವವರ ಬಗ್ಗೆ. ಪತ್ರಿಕೆಯ ಕಚೇರಿಗೆ ದಿನಕ್ಕೆ ನೂರು ಸುದ್ದಿ ಬರುತ್ತದೆ, ಹತ್ತು ಅಚ್ಚಾಗುತ್ತದೆ. ಯಾವ ಹತ್ತು ಎಂದು ನಿರ್ಧರಿಸುವ ಒಬ್ಬರು ಮೇಜಿನ ಹಿಂದೆ ಕೂತಿರುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ. ಬಿಡುತ್ತಾರೆ, ಅಷ್ಟೆ. ಓದುವವನಿಗೆ ಬಂದ ಹತ್ತು ಕಾಣುತ್ತದೆ, ಬಾರದ ತೊಂಬತ್ತು ಇತ್ತು ಎಂಬುದೇ ಗೊತ್ತಾಗುವುದಿಲ್ಲ.

ಪಾಠ ಕೇಳುತ್ತಾ ನನಗೊಂದು ಯೋಚನೆ ಬಂತು. ಬೇಸರ ಮಾಡಿಕೊಳ್ಳಬೇಡಿ. ಬಟಾಣಿಯ ಹನ್ನೊಂದು ಕಾಗದಗಳನ್ನೂ ಮಂಚದ ಮೇಲೆ ಹರಡಿಕೊಂಡು ನೋಡಿದೆ. ಎಲ್ಲವೂ ‘ಚೆನ್ನಾಗಿದ್ದೇನೆ’ ಎಂದೇ ಶುರುವಾಗುತ್ತವೆ. ‘ಸಂತೋಷವಾಯಿತು’ ಎಂದು ಅವಳು ಬಾಯಲ್ಲಿ ಹೇಳಿದ್ದನ್ನು ನಾನು ಎಂದೂ ಕೇಳಿಲ್ಲ. ನಾನು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಉತ್ತರವೇ ಇಲ್ಲ. ಟೋಪಿಯ ಬಗ್ಗೆ ಬರೆದಿದ್ದೆ, ನನ್ನ ನೆನಪಾಗುತ್ತದಾ ಎಂದು ಕೇಳಿದ್ದೆ.

ನನ್ನ ಕಾಗದವನ್ನು ಪೂರ್ತಿ ಓದುತ್ತೀರಿ ತಾನೇ?

ಕೇಳಿದ್ದು ತಪ್ಪಾಗಿದ್ದರೆ ಕ್ಷಮಿಸಿ.
ನಿಮ್ಮ ಸೊಸೆ


ಸೆಪ್ಟೆಂಬರ್ 21

ಸೊಸೆಗೆ,

ನಿನ್ನ ಒಂದೊಂದು ಕಾಗದವನ್ನೂ ಕೈಗೆ ಬಂದ ದಿನವೇ ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ಓದಿದ್ದೇನೆ. ಒಂದಲ್ಲ, ಎರಡು ಸಲ. ಸಾಕೇ?

ಒಂಬತ್ತು ತಿಂಗಳ ಓದಿನಲ್ಲಿ ಮೂರು ತಿಂಗಳಿಗೇ ಅತ್ತೆಯನ್ನು ಪರೀಕ್ಷೆ ಮಾಡುವಷ್ಟು ಕಲಿತಿದ್ದೀಯ. ಒಳ್ಳೆಯದು. ಹಾಗಾದರೆ ನನ್ನದೂ ಒಂದು ಪಾಠ ಕೇಳು. ಪತ್ರಿಕೆ ನಡೆಯುತ್ತಿದ್ದಾಗ ಒಂದು ವಾರ ಕೆರೆಗೆ ಬಿದ್ದ ಒಬ್ಬ ಹುಡುಗಿಯ ಸುದ್ದಿ ಬಂತು. ಅವಳು ಬದುಕಿದಳು. ಹೆಸರು, ಮನೆ, ಬೀದಿ ಎಲ್ಲ ಜೋಡಿಸಿ ಕರಡಚ್ಚು ನನ್ನ ಮೇಜಿಗೆ ಬಂತು. ನಾನು ಕೆಂಪು ಪೆನ್ಸಿಲ್ ತೆಗೆದುಕೊಂಡು ಹೆಸರನ್ನು ತೆಗೆದೆ, ಮನೆಯನ್ನು ತೆಗೆದೆ, ಕೊನೆಗೆ ಸುದ್ದಿಯನ್ನೇ ತೆಗೆದೆ. ಆ ಜಾಗಕ್ಕೆ ಗ್ರಂಥಾಲಯದ ಸಮಯ ಬದಲಾದ ವಿಷಯ ಹಾಕಿಸಿದೆ. ಮನೆಯಲ್ಲಿ ದೊಡ್ಡ ಜಗಳವಾಯಿತು. “ಜನಕ್ಕೆ ಗೊತ್ತಾಗ್ಬೇಕಮ್ಮ” ಎಂಬ ಮಾತು ಬಂತು. ಜನಕ್ಕೆ ಗೊತ್ತಾಗಬೇಕಾದ್ದು ಬೇರೆ, ಜನ ಬಾಯಿ ಚಪ್ಪರಿಸುವುದು ಬೇರೆ ಎಂದೆ. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ. ಎದುರು ಸಿಕ್ಕರೆ ನಗುತ್ತಾಳೆ, ನಾನು ಏನು ಮಾಡಿದೆ ಎಂದು ಅವಳಿಗೆ ಗೊತ್ತೇ ಇಲ್ಲ.

ಬಾಗಿಲು ಎಂದ ಮೇಲೆ ಕಾಯುವವರು ಬೇಕು. ಬಾಗಿಲಿಲ್ಲದ ಮನೆಯಲ್ಲಿ ನೀನೇ ವಾಸ ಮಾಡುವುದಿಲ್ಲ, ಮೊದಲ ಕಾಗದದಲ್ಲೇ ಚಿಲಕದ ಮಾತು ಕೇಳಿದ್ದೆನಲ್ಲ.

ಬಟಾಣಿಗೆ ಈ ಸಲ ಹೇಳುವುದು ಏನೂ ಇಲ್ಲವಂತೆ. ಆಟಕ್ಕೆ ಹೋಗಿದ್ದಾಳೆ. ಪಕ್ಕದ ಅಂಗಡಿಯ ದರ್ಜಿ ಹೆಂಗಸು ಅವಳಿಗೆ ಬಟ್ಟೆಯ ಚೂರು ಕೊಟ್ಟು ಗೊಂಬೆ ಮಾಡಿಸುತ್ತಾಳೆ.

ರಿಪೇರಿಯವನು ಬಂದ. ಮಶೀನು ಈಗ ಬೇರೆ ಥರ ಸದ್ದು ಮಾಡುತ್ತಿದೆ.

ನಿನ್ನ ಅತ್ತೆ


ನವೆಂಬರ್ 3

ಅತ್ತೆಗೆ ನಮಸ್ಕಾರ.

ಇದನ್ನು ನಾಲ್ಕು ಸಲ ಬರೆಯಲು ಕೂತು ಎದ್ದಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ.

ಮೇಷ್ಟ್ರು ನನ್ನ ಹೆಸರನ್ನು ಒಂದು ರೇಡಿಯೋ ಕೇಂದ್ರಕ್ಕೆ ಕಳುಹಿಸಿದ್ದರು. ಹೆಂಗಸರ ಕಾರ್ಯಕ್ರಮ ಬರೆದು ನಡೆಸುವ ಕೆಲಸ. ಕರೆ ಬಂದಿದೆ. ಇಲ್ಲಿಂದಲೂ ಒಂದು ದಿನದ ಪ್ರಯಾಣ. ಫೆಬ್ರವರಿ ಕೊನೆಗೆ ಓದು ಮುಗಿದ ಕೂಡಲೇ ಸೇರಬೇಕು, ಎರಡು ವರ್ಷದ ಒಪ್ಪಂದ. ಈ ವರ್ಷ ಮುಗಿಯುವುದರೊಳಗೆ ಉತ್ತರ ಕೊಡಬೇಕು.

ಬಟಾಣಿ ಅಳುತ್ತಿದ್ದಾಳೆ ಎಂದು ನೀವು ಒಂದು ಸಲ ಬರೆದಿದ್ದರೂ ನಾನು ಇದನ್ನು ಯೋಚಿಸುತ್ತಿರಲಿಲ್ಲ. ಮೊದಲ ರೈಲಿಗೆ ಬಂದುಬಿಡುತ್ತಿದ್ದೆ. ಆದರೆ ಅವಳು ಚೆನ್ನಾಗಿದ್ದಾಳೆ. ಶಾಲೆ, ಆಟ, ಗೊಂಬೆ. ನನ್ನ ಬಗ್ಗೆ ಕೇಳುವುದೂ ಇಲ್ಲ. ಮೊದಮೊದಲು ಅದಕ್ಕೆ ಸಮಾಧಾನವಾಗುತ್ತಿತ್ತು, ಈಗ ಏನಾಗುತ್ತದೆ ಎಂದು ಬರೆಯುವುದಿಲ್ಲ. ನೀವು ಕೊಟ್ಟ ಮಾತು ಉಳಿಸಿಕೊಂಡಿರಿ, ಅತ್ತೆ. ನಾನು ಎರಡು ವರ್ಷ ದೂರವಿದ್ದರೆ ಅವಳಿಗೆ ಕಷ್ಟವಾಗಲಾರದು. ಗೊತ್ತಿಲ್ಲದ ಊರಿಗೆ ಎಳೆದುಕೊಂಡು ಹೋದರೇ ಕಷ್ಟ. ಅವಳು ನಿಮ್ಮ ಬಳಿಯೇ ಇರಲಿ, ನಾನು ಒಬ್ಬಳೇ ಹೋಗಿ ದುಡಿದು ಬರುತ್ತೇನೆ, ಪತ್ರಿಕೆಯನ್ನು ಆಮೇಲೆ ಶುರು ಮಾಡೋಣ ಎಂದುಕೊಂಡಿದ್ದೇನೆ.

ನೀವು ಏನು ಹೇಳುತ್ತೀರಿ?

ಉತ್ತರಕ್ಕೆ ಕಾಯುತ್ತಾ,
ನಿಮ್ಮ ಸೊಸೆ


ನವೆಂಬರ್ 15

ಸೊಸೆಗೆ,

ಕಾಗದ ತಲುಪಿತು. ಶಾಲೆಗಳ ಪ್ರಶ್ನೆಪತ್ರಿಕೆಯ ಕೆಲಸ ಬಂದಿದೆ. ಕೂತಲ್ಲಿ ಕೂರಲು ಆಗುತ್ತಿಲ್ಲ.

ನಿನ್ನ ಇಷ್ಟ.

ಎರಡು ವರ್ಷದ ವಿಷಯ ಬಟಾಣಿಗೆ ಹೇಳಿಲ್ಲ.

ಅತ್ತೆ


ಡಿಸೆಂಬರ್ 12

ಸೊಸೆಗೆ,

ಈ ಕಾಗದ ಉದ್ದವಾಗುತ್ತದೆ. ನಿಂತುಕೊಂಡು ಓದಬೇಡ.

ಹತ್ತು ದಿನದ ಹಿಂದೆ ಮೊಳೆಯಜ್ಜನಿಗೆ ಜ್ವರ ಬಂತು. ಗ್ರಂಥಾಲಯದ ಪುಸ್ತಕಗಳ ಪಟ್ಟಿ ಕರಡಚ್ಚಿನಲ್ಲಿತ್ತು, ಮರುದಿನ ಕೊಡಬೇಕು. ನಾನು ಓದಿದರೆ ಎದುರು ಕೂತು ಅಚ್ಚು ನೋಡುವವರಿಲ್ಲ. ಬಟಾಣಿ ಬಂದು “ನಾನು ಹಿಡೀತೀನಿ ಅಜ್ಜೀ” ಎಂದಳು. ಅವಳಿಗೆ ಈಗ ಓದಲು ಬರುತ್ತದೆ, ನಿನಗೆ ನಾನು ಬರೆದಿರಲಿಲ್ಲ. ಮೊಳೆಯಜ್ಜ ಹಿತ್ತಾಳೆ ಪಟ್ಟಿ ಸರಿಸುವುದನ್ನೂ ಕಲಿಸಿದ್ದ, ಅಂಚಿನ ಗುರುತುಗಳನ್ನೂ ಕಲಿಸಿದ್ದ. ನಾನು ನಿಧಾನವಾಗಿ ಓದಿದೆ. ಅವಳು ಎರಡು ತಪ್ಪು ಹಿಡಿದಳು. ಒಂದು ಪುಸ್ತಕದ ಹೆಸರೇ ಬಿಟ್ಟುಹೋಗಿತ್ತು. ಎಂಟು ಜನರೂ ಕೆಲಸ ನಿಲ್ಲಿಸಿ ನೋಡಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆಮೇಲಿನ ಭಾನುವಾರ, ಅಂದರೆ ಕಳೆದ ಭಾನುವಾರ, ನಿನ್ನ ಕಾಗದ ಓದಲು ಕೂತೆ. ಅವಳು ಪಟ್ಟಿ ಹಿಡಿದುಕೊಂಡೇ ಬಂದಳು. ನನ್ನ ತೋಳಿಗೆ ಒರಗಿ ಸಾಲಿನ ಕೆಳಗೆ ಇಟ್ಟಳು. ತಳ್ಳಬೇಕಿತ್ತು. ಹಿಂದಿನ ವಾರದ ಹೆಮ್ಮೆ ಇನ್ನೂ ಇಳಿದಿರಲಿಲ್ಲ, ತಳ್ಳಲಿಲ್ಲ. ನಾನು ಓದಿದೆ, ಪಟ್ಟಿ ಸರಿಯಿತು. ಐದನೆಯ ಸಾಲಿಗೆ ಬಂದಾಗ ಪಟ್ಟಿ ನಿಂತಿತು.

“ಅಜ್ಜೀ, ಸಾಲು ಬಿಟ್ಟೆ.”

“ಇಲ್ಲ. ಮುಂದೆ ಸರಿಸು.”

“ಬಿಟ್ಟೆ. ನೋಡು. ‘ನಿ-ನ್ನ-ನ್ನು ಬಿಟ್ಟಿರಲು ಆಗು-ತ್ತಿಲ್ಲ.’ ಅಮ್ಮ ಬರೆದಿದಾಳೆ. ನೀನು ಓದಲಿಲ್ಲ.”

ಅವಳು ಅಂಚು ನೋಡಿದಳು. ಅಲ್ಲಿ ನನ್ನ ಕೆಂಪು ಪೆನ್ಸಿಲಿನ ಬಾಲದ ಸುಳಿ ಇತ್ತು. ಓದುವಾಗ ತಡವರಿಸಬಾರದೆಂದು ಬಿಡಬೇಕಾದ ಸಾಲುಗಳಿಗೆ ಮೊದಲೇ ಗುರುತು ಹಾಕಿಕೊಳ್ಳುತ್ತಿದ್ದೆ.

“ಇದು ತೆಗೀ ಅನ್ನೋ ಗುರುತು. ಮೊಳೆಯಜ್ಜ ಹೇಳಿಕೊಟ್ಟಿದಾನೆ. ಅಮ್ಮನ ಕಾಗದ ತಪ್ಪಾಗಿತ್ತಾ ಅಜ್ಜೀ?”

ಸೊಸೆ, ನಾನು ಕಾಗದವನ್ನು ಮಡಿಸಿದೆ. ಅವಳು ಕಪಾಟಿನಿಂದ ತಗಡಿನ ಡಬ್ಬ ಎಳೆದಳು. ನಿನ್ನ ಕಾಗದಗಳನ್ನೆಲ್ಲ ನೆಲದ ಮೇಲೆ ಸುರಿದುಕೊಂಡಳು. ಎಲ್ಲೆಲ್ಲಿ ಕೆಂಪು ಸುಳಿ ಇದೆಯೋ ಅಲ್ಲಿ ಪಟ್ಟಿ ಇಟ್ಟು ಅಕ್ಷರ ಕೂಡಿಸಿ ಓದಿದಳು. ಮಧ್ಯಾಹ್ನವೆಲ್ಲ ಅದೇ ಆಯಿತು. ಊಟಕ್ಕೆ ಕರೆದರೆ ಬರಲಿಲ್ಲ. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಕೊನೆಗೆ ಎದ್ದು ನಿಂತು ಇಷ್ಟೇ ಹೇಳಿದಳು: “ಅಮ್ಮನಿಗೆ ನಾನು ಬೇಡ ಅಂದ್ಕೊಂಡಿದ್ದೆ.”

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಹಾಲು ಕೊಟ್ಟರೆ ಕುಡಿಯುತ್ತಾಳೆ, ಲೋಟ ತಂದು ನನ್ನ ಮುಂದೆ ಇಟ್ಟು ಹೋಗುತ್ತಾಳೆ.

ಇನ್ನೊಂದೂ ಇದೆ. ಅವಳು ಹೇಳಿದ್ದು ಎಂದು ನಾನು ಬರೆದದ್ದು ಅವಳು ಹೇಳಿದ್ದಲ್ಲ. ನೀನು ಊಹಿಸಿದ್ದೆ, ನಾನು ಸಿಟ್ಟು ತೋರಿಸಿ ನಿನ್ನ ಬಾಯಿ ಮುಚ್ಚಿಸಿದೆ. ಅವಳು ಅಳುವುದಿಲ್ಲ ಎಂದು ಸ್ಟೇಷನ್ನಿನಲ್ಲಿ ಮಾತು ಕೊಟ್ಟಿದ್ದೆ. ಮೊದಲ ವಾರವೇ ಅವಳು ಅತ್ತಳು. ಮಾತು ಸುಳ್ಳಾಯಿತೆಂದು ನಿನಗೆ ಬರೆಯಲು ನನ್ನ ಕೈ ಏಳಲಿಲ್ಲ. ಆಮೇಲೆ ಬರೆದ ಒಂದೊಂದು ಸುಳ್ಳೂ ಆ ಮೊದಲನೆಯದನ್ನು ಕಾಯಲು.

ಜ್ವರ ಬಿಟ್ಟು ಎದ್ದ ಮೊಳೆಯಜ್ಜನಿಗೆ ಇದು ಗೊತ್ತಾಯಿತು. “ಅಮ್ಮಾವ್ರೇ, ಪತ್ರಿಕೇಲಿ ತಪ್ಪು ಹೋದ್ರೆ ಮುಂದಿನ ವಾರ ತಿದ್ದುಪಡಿ ಹಾಕ್ತಿದ್ವಿ. ನೀವೇ ಹಾಕಿಸ್ತಿದ್ರಿ, ಅದೂ ಮೊದಲನೇ ಪುಟದಲ್ಲಿ” ಎಂದ.

ಇದನ್ನು ಓದಿದ ಮೇಲೆ ನೀನು ಮಗುವನ್ನು ನನ್ನ ಬಳಿ ಬಿಡುವುದಿಲ್ಲ ಎಂದು ನನಗೆ ಗೊತ್ತು. ಬರೆಯದೆ ಇದ್ದರೆ ಇನ್ನೂ ಎರಡು ವರ್ಷ ಅವಳು ಇಲ್ಲೇ ಇರುತ್ತಾಳೆ ಎಂಬುದೂ ಗೊತ್ತು. ಆರು ದಿನ ಪ್ರೆಸ್ಸಿನ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಕೆಲಸದವರು ನನ್ನ ದಾರಿಯಿಂದ ಕುರ್ಚಿ ಸರಿಸಿಟ್ಟರು.

ಅತ್ತೆ


ಡಿಸೆಂಬರ್ 19

ಅತ್ತೆಗೆ,

ನಿಂತುಕೊಂಡೇ ಓದಿದೆ. ಆಮೇಲೆ ಸ್ಟೇಷನ್ನಿಗೆ ಹೋದೆ, ರೈಲು ಹತ್ತದೆ ವಾಪಸು ಬಂದೆ. ಇನ್ನು ಹತ್ತು ದಿನಕ್ಕೆ ಎರಡನೆಯ ಅವಧಿಯ ಪರೀಕ್ಷೆಗಳು ಶುರುವಾಗುತ್ತವೆ. ಬಿಟ್ಟು ಬಂದರೆ ಈ ಆರು ತಿಂಗಳು ಮಗುವಿನಿಂದ ಕದ್ದದ್ದು ಯಾವುದಕ್ಕೂ ಆಗುವುದಿಲ್ಲ.

ಕೆಲಸಕ್ಕೆ ಒಪ್ಪಿಗೆ ಎಂದು ಡಿಸೆಂಬರ್ ಐದರಂದೇ ಬರೆದು ಹಾಕಿದ್ದೇನೆ. ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಬಟಾಣಿ ನನ್ನ ಜೊತೆ ಬರುತ್ತಾಳೆ. ಮಾರ್ಚ್ ಒಂದಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ. ಇದರ ಜೊತೆ ಅವಳಿಗೆ ಬೇರೆ ಲಕೋಟೆ ಇಟ್ಟಿದ್ದೇನೆ. ಅಂಟಿಸಿದ್ದೇನೆ. ಅವಳ ಕೈಗೇ ಕೊಡಿ.

ನಿಮಗೆ ಒಂದೇ ಪ್ರಶ್ನೆ. ಮಗು ಅಳಬಾರದೆಂದು ನನ್ನ ಅಳುವನ್ನು ಬಿಟ್ಟಿರಿ. ಅರ್ಥವಾಗುತ್ತದೆ, ಒಪ್ಪುವುದಿಲ್ಲ, ಆದರೆ ಅರ್ಥವಾಗುತ್ತದೆ. ಪೇಪರಿನ ಟೋಪಿಯ ಸಾಲನ್ನು ಯಾಕೆ ಬಿಟ್ಟಿರಿ? ಅವಳಪ್ಪನ ವಿಷಯ ಬರೆದದ್ದನ್ನೆಲ್ಲ ಬಿಟ್ಟಿದ್ದೀರಿ ಎಂದು ಈಗ ಗೊತ್ತಾಗುತ್ತಿದೆ, ಅವಳು ಒಂದಕ್ಕೂ ಉತ್ತರಿಸಿಲ್ಲ. ಅಪ್ಪ ಮಾಡಿದ ಟೋಪಿಯ ಮಾತು ಕೇಳಿ ಯಾವ ಮಗು ಅಳುತ್ತದೆ? ನಗುತ್ತಿದ್ದಳು.

ಸೊಸೆ


ಜನವರಿ 8

ಸೊಸೆಗೆ,

ಲಕೋಟೆ ಅವಳ ಕೈಗೇ ಕೊಟ್ಟೆ. ಮೇಜಿನ ಕೆಳಗೆ ಹೋಗಿ ಓದಿದಳು. ಏನು ಬರೆದಿದ್ದೀಯ ಎಂದು ನಾನು ಕೇಳಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಮೂರು ವಾರ ತಡವಾಯಿತು. ಟೋಪಿಯ ಸಾಲನ್ನು ಬಿಟ್ಟದ್ದು ಮಗುವಿಗಾಗಿ ಅಲ್ಲ. ಜುಲೈಯ ಆ ಭಾನುವಾರ ಅದನ್ನು ಓದಲೆಂದೇ ಬಾಯಿ ತೆರೆದೆ. ‘ನಿನ್ನಪ್ಪ’ ಎಂಬಲ್ಲಿ ಗಂಟಲು ಹಿಡಿಯಿತು. ಅವನು ತೀರಿಕೊಂಡು ಪತ್ರಿಕೆ ನಿಂತ ದಿನದಿಂದ ನಾನು ಅವನ ಹೆಸರು ಹೇಳಿಲ್ಲ. ನನ್ನ ಮಗ ಎಂದು ಹೇಳಿಲ್ಲ. ನಿನಗೆ ಬರೆದ ಕಾಗದಗಳನ್ನು ತೆಗೆದು ನೋಡು, ಜಗಳವಾಯಿತು ಎಂದಿದ್ದೇನೆ, ಯಾರ ಜೊತೆ ಎಂದು ಬರೆದಿಲ್ಲ. ಎಂಟು ಜನ ಕೆಲಸದವರ ಮುಂದೆ, ಮೊಮ್ಮಗಳ ಮುಂದೆ ನನ್ನ ದನಿ ಒಡೆಯುವುದು ನನಗೆ ಬೇಕಿರಲಿಲ್ಲ. ಆದ್ದರಿಂದ ಮುಂದಿನ ಕಾಗದಗಳಲ್ಲಿ ಅವನು ಎಲ್ಲೆಲ್ಲಿ ಬಂದನೋ ಅಲ್ಲೆಲ್ಲ ಮೊದಲೇ ಕೆಂಪು ಗುರುತು ಹಾಕಿದೆ. ನಿನ್ನ ಮೇಷ್ಟ್ರು ಗದ್ದಲವನ್ನು ದಾರಿಯ ಮೇಲೆ ಬರೆದರು ಎಂದಿದ್ದೆ. ಅವರಿಗೆ ಹೇಳು, ಅದು ಸದ್ದೇ ಇಲ್ಲದೆಯೂ ಇರುತ್ತದೆ, ಗಂಟಲಲ್ಲಿ ಕೂತಿರುತ್ತದೆ.

ಮೊನ್ನೆ ಭಾನುವಾರ ಪ್ರೆಸ್ಸಿಗೆ ರಜ ಕೊಟ್ಟೆ. ನಾನೇ ಡಬ್ಬ ತೆಗೆದು ಬಟಾಣಿಯನ್ನು ಕರೆದೆ. “ಪಟ್ಟಿ ತಗೊಂಡು ಬಾ. ಮೊದಲಿಂದ ಓದ್ತೀನಿ. ಬಿಟ್ರೆ ಹಿಡಿ” ಎಂದೆ. ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಳು. ಆಮೇಲೆ ಬಂದು ಕೂತಳು, ತೋಳಿಗೆ ಒರಗಲಿಲ್ಲ. ನಿನ್ನ ಕಾಗದಗಳನ್ನು ಒಂದೊಂದಾಗಿ ಓದಿದೆ. ರೈಲು ಓದಿದೆ, ಕೂದಲಿನ ವಾಸನೆ ಓದಿದೆ. ಟೋಪಿಯ ಸಾಲಿಗೆ ಬಂದೆ. “ನಿನ್ನಪ್ಪ” ಎಂದೆ, ಮುಂದೆ ಆಗಲಿಲ್ಲ. ಮತ್ತೆ ಶುರು ಮಾಡಿದೆ, ಮತ್ತೆ ಅಲ್ಲೇ ನಿಂತೆ. ಕನ್ನಡಕ ತೆಗೆದು ಒರೆಸಿಕೊಂಡೆ. ಅಷ್ಟು ಹೊತ್ತೂ ಅವಳು ಪಟ್ಟಿ ಅಲ್ಲಾಡಿಸಲಿಲ್ಲ.

“ನಿಧಾನ ಅಜ್ಜೀ” ಎಂದಳು. “ನಾನು ಸಾಲು ಹಿಡ್ಕೊಂಡಿದೀನಿ.”

ನಾಲ್ಕು ವಾರದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ಓದಿದೆ. ನಾವಿಬ್ಬರೂ ಅತ್ತೆವು. ಆಮೇಲೆ ಅವಳು ಟೋಪಿ ಹೇಗೆ ಮಡಿಸುವುದು ಎಂದು ಕೇಳಿದಳು, ನನಗೆ ಬರಲಿಲ್ಲ.

ಇನ್ನು ಅವಳು ನಿಜವಾಗಿ ಹೇಳಿದ್ದು. ಬರೆದುಕೊಂಡಿರಲಿಲ್ಲ, ಆದರೆ ಮೂವತ್ತು ವರ್ಷ ಪ್ರೂಫ್ ಓದಿದವಳಿಗೆ ಸಾಲು ಮರೆಯುವುದಿಲ್ಲ. ಜೂನ್ ತಿಂಗಳಲ್ಲಿ: “ಅಮ್ಮನ ದಿಂಬಿನ ಬಟ್ಟೆ ಒಗೀಬೇಡ ಅಂತ ಬರಿ.” ಅಷ್ಟರಲ್ಲಿ ನಾನು ಒಗೆದಾಗಿತ್ತು. ಜುಲೈಯಲ್ಲಿ: “ಆ ರೈಲಲ್ಲಿ ಅಮ್ಮ ಯಾಕೆ ಕೂರಲ್ಲ?” ರೈಲಿನ ಮಾತನ್ನು ಅರ್ಧ ಓದಿದ್ದೆ. ಆಗಸ್ಟಿನಲ್ಲಿ ಎರಡು ಸಲ ಏನೂ ಹೇಳದೆ ಬೆನ್ನು ತಿರುಗಿಸಿದಳು, ನಾನು ಹಾಲು ಮತ್ತು ಶಾಲೆ ಎಂದು ಬರೆದೆ. ಸೆಪ್ಟೆಂಬರಿನಲ್ಲಿ ನೀನು ನನ್ನನ್ನು ಕೇಳಿದ ವಾರ: “ಅಮ್ಮನಿಗೆ ನನ್ನ ನೆನಪು ಬರಲ್ಲ ಅಲ್ವಾ ಅಜ್ಜೀ, ಒಂದು ಸಲಾನೂ ಬರೆದಿಲ್ಲ.” ಅವತ್ತು ಅವಳು ಆಟಕ್ಕೆ ಹೋಗಿರಲಿಲ್ಲ. ಉಳಿದದ್ದನ್ನು ಬೇರೆ ಹಾಳೆಯಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ, ಇದರೊಳಗಿದೆ.

ಅವಳ ಶಾಲೆಯ ಕಾಗದಪತ್ರ ಮಾಡಿಸುತ್ತೇನೆ. ಎಡಗಾಲಿನ ಬೂಟು ಕಚ್ಚುತ್ತದೆ, ಹೊಸದು ಕೊಡಿಸುತ್ತೇನೆ. ಅಳುವಾಗ ಅವಳು ಸದ್ದು ಮಾಡುವುದಿಲ್ಲ, ಮುಖವನ್ನು ಗೋಡೆಗೆ ಹಾಕುತ್ತಾಳೆ. ಅದು ನಿನಗೆ ಗೊತ್ತಿರಬೇಕು. ಅದನ್ನು ನಾನು ಈ ಏಳು ತಿಂಗಳಲ್ಲಷ್ಟೇ ಕಲಿತೆ. ಮಾರ್ಚ್ ಒಂದಕ್ಕೆ ಬಾ. ಕರೆದುಕೊಂಡು ಹೋಗು.

ಆ ಕೊನೆಯ ಮಾತಿನ ಮೇಲ್ಗಡೆ ಹೊಡೆದುಹಾಕಿದ ಮೂರು ಸಾಲುಗಳಿವೆ. ಹೊಸ ಹಾಳೆಯಲ್ಲಿ ನಕಲು ಮಾಡಿ ಕಳುಹಿಸೋಣವೆಂದು ಪೆನ್ನು ತೆಗೆದುಕೊಂಡು, ಮಾಡದೆ ಇಟ್ಟೆ. ಕರೆದುಕೊಂಡು ಹೋಗಬೇಡ ಎಂದು ಮೂರು ಸಲವೂ ಬರೆದಿದ್ದೆ. ಒಂದೇ ಗೆರೆ ಎಳೆದಿದ್ದೇನೆ, ನಿನಗೆ ಓದಲು ಬರುತ್ತದೆ.

ಅತ್ತೆ